ಭಾವ ಜಾಸ್ತಿಯಾಯಿತು

ಸಿಪ್ಪೆ ತುಂಡಾಗದ ಹಾಗೆ ಸುತ್ತಿಕೊಂಡು ಸುತ್ತಿಕೊಂಡು ಇಳಿಯುತ್ತಿದೆ, ಭಾವನ ಹೆಬ್ಬೆರಳಿನ ಉಗುರು ಕಿತ್ತಳೆಯ ನೆತ್ತಿಯಲ್ಲಿ ಹೊಕ್ಕು ಅಲ್ಲಿಂದ ಒಂದೇ ಸಮನೆ ಬಳಸಿ ಬರುತ್ತದೆ, ಒಂಬತ್ತು ವರ್ಷದ ಭಾನುವಾರಗಳು ಆ ಬೆರಳಿಗೆ ಈ ಕೆಲಸ ಕಲಿಸಿವೆ, ಬಿಳಿಯ ನಾರನ್ನೂ ಬಿಡುವುದಿಲ್ಲ, ಎಳೆ ಎಳೆಯಾಗಿ ತೆಗೆದು, ತೊಳೆ ಬಿಡಿಸಿ, ಇವರ ಎಡಗೈ ಪಕ್ಕ ತಟ್ಟೆಯ ಅಂಚಿನಲ್ಲಿ ಸಾಲಾಗಿ ಇಡುತ್ತಾರೆ — ಇವರು ಅಂದರೆ ನನ್ನ ಗಂಡ, ಬಲಗೈ ಮಣಿಕಟ್ಟಿನಿಂದಾಚೆ ಇಲ್ಲದವರು, ಅಂಗಿಯ ಆ ತೋಳನ್ನು ನಾನೇ ಮಡಿಸಿ ಹೊಲಿದಿದ್ದೇನೆ — ಭಾವ ಅಂದರೆ ನನ್ನ ಅಕ್ಕನ ಗಂಡ, ಇದನ್ನೆಲ್ಲ ಯಾರಿಗೆ ವಿವರಿಸುತ್ತಿದ್ದೇನೆ, ಮೇಷ್ಟ್ರ ಚಾಳಿ ಅಂಟಿಕೊಂಡುಬಿಟ್ಟಿದೆ, ಓದುವವರಿಗೆ ಏನೂ ಗೊತ್ತಿಲ್ಲ ಅಂದ್ಕೊಂಡು ಬರೀರಿ, ಯಾರು ಯಾರು ಅನ್ನೋದು ಮೊದಲ ಪ್ಯಾರಾದಲ್ಲೇ ಬಂದುಬಿಡಲಿ. ಬಂತು ಮೇಷ್ಟ್ರೇ. ನಾಲ್ಕು ಜನ, ಒಂದು ಮೇಜು, ಒಂದು ಬುಟ್ಟಿ ಕಿತ್ತಳೆ, ಕುರ್ಚಿಯ ಬೆನ್ನಿಗೆ ನೇತುಹಾಕಿದ ನನ್ನ ಚೀಲ, ಚೀಲದಲ್ಲಿ ನಾಲ್ಕು ಹಾಳೆಯ ಪ್ರಬಂಧ, ಇಪ್ಪತ್ತಕ್ಕೆ ಹದಿನಾಲ್ಕು. ಸುಲಿದು ಕೊಡ್ತೀರಾ ಅಣ್ಣ, ಅಂತ ಇವರು ಈಗಷ್ಟೇ ಕೇಳಿದ್ದರು, ಎಂದಿನ ಸಣ್ಣ ದನಿಯಲ್ಲಿ, ಕೇಳದಿದ್ದರೂ ಸುಲಿಯುತ್ತಾರೆ ಎಂದು ಗೊತ್ತಿದ್ದೂ, ಅಯ್ಯೋ ಅದಕ್ಕೇನಪ್ಪ, ಅಂತ ಭಾವ, ಎಂದಿನ ಹಾಗೆಯೇ. ಇದನ್ನು ನಾನು ಪ್ರೀತಿ ಅಂದುಕೊಂಡಿದ್ದೆ. ಈ ಸಾಲನ್ನು ನೋಡಿ ಎಷ್ಟು ಭಾನುವಾರ ಕಣ್ಣು ಒದ್ದೆ ಮಾಡಿಕೊಂಡು ಒಳಗೆ ಎದ್ದು ಹೋಗಿದ್ದೇನೆ.

ಏನೇ ಕಾಲೇಜು ಹುಡುಗಿ, ಈ ವಾರ ಏನು ಹೇಳ್ಕೊಟ್ರು, ಅಕ್ಕ ಲೋಟಗಳನ್ನು ಒಂದರೊಳಗೊಂದು ಇಡುತ್ತಾ ಕೇಳುತ್ತಾಳೆ, ಮೂವತ್ತೊಂಬತ್ತರ ತಂಗಿಯನ್ನು ಹುಡುಗಿ ಅಂದರೆ ಎಲ್ಲರಿಗೂ ನಗು ಬರುತ್ತದೆ ಅಂತ ಅವಳ ನಂಬಿಕೆ, ಓದೋದು, ಅನ್ನುತ್ತೇನೆ, ಓದೋದಾ, ಇಷ್ಟು ದೊಡ್ಡವಳಾಗಿ ಈಗ ಓದೋದು ಕಲೀತಿದ್ದೀಯಾ, ಭಾವ ನಗುತ್ತಾರೆ, ಇವರೂ ನಗುತ್ತಾರೆ, ಹೌದಲ್ಲ, ಈಗಲೇ ಕಲಿತದ್ದು. ಸಂಜೆ ಕಾಲೇಜು, ಮೊದಲ ಸೆಮಿಸ್ಟರು, ಓದು ಮತ್ತು ಪ್ರಬಂಧ ರಚನೆ ಎಂಬ ವಿಷಯ, ಎಲ್ಲರಿಗೂ ಕಡ್ಡಾಯ. ಐದು ಗಂಟೆಗೆ ಅಂಗಡಿಯಲ್ಲಿ ಕತ್ತರಿ ಕೆಳಗಿಟ್ಟು — ಸಿದ್ಧ ಉಡುಪಿನ ಅಂಗಡಿಯ ಹಿಂದಿನ ಕೋಣೆಯಲ್ಲಿ ಕೂತು ಪ್ಯಾಂಟಿನ ಕಾಲು ಗಿಡ್ಡ ಮಾಡುವುದು, ಸೊಂಟ ಬಿಡುವುದು ನನ್ನ ಕೆಲಸ — ಮಡಿಲಿಗೆ ಅಂಟಿದ ದಾರದ ಚೂರು ಕೊಡವಿ ಎರಡು ಬೀದಿ ನಡೆದರೆ ಆಯಿತು, ಮೂರನೆಯ ಮಹಡಿ, ಚಿಲಕ ಮುರಿದು ಸದಾ ಬಡಿದುಕೊಳ್ಳುವ ಕಿಟಕಿ, ನನಗೆ ಮಕ್ಕಳಿದ್ದಿದ್ದರೆ ಅವರಷ್ಟೇ ವಯಸ್ಸಿನ ಸಹಪಾಠಿಗಳು, ಮೇಷ್ಟ್ರಿಗೆ ಅವರು ಇಟ್ಟ ಹೆಸರು ಯಾರು ಸಾರ್. ಏಕೆಂದರೆ ಅವರು ಕೇಳುವುದು ಅದೊಂದೇ. ಮೊದಲ ದಿನ ಮೆಟ್ಟಿಲ ಬಳಿ ಅಂಟಿಸಿದ್ದ ನೋಟೀಸನ್ನೇ ಕಿತ್ತು ತಂದಿದ್ದರು, ಅನಿವಾರ್ಯ ಕಾರಣಗಳಿಂದ ನೀರು ಸರಬರಾಜನ್ನು ನಿಲ್ಲಿಸಲಾಗಿದೆ, ಅದನ್ನು ಬೋರ್ಡಿನ ಮೇಲೆ ಬರೆದು, ಯಾರು ನಿಲ್ಲಿಸಿದ್ದು, ಅಂದರು, ಅನಿವಾರ್ಯ ಯಾರಿಗೆ, ಅಂದರು, ಕ್ರಿಯೆ ಇದೆ, ಕರ್ಮ ಇದೆ, ಕರ್ತೃ ಎಲ್ಲಿ ಹೋದ, ಹಿಂದಿನ ಬೆಂಚಿನಿಂದ ಯಾರೋ, ನಮ್ಮ ಕರ್ಮ ಸಾರ್, ಅಂದ, ಕೋಣೆಯೆಲ್ಲ ನಕ್ಕಿತು, ನಾನೂ ನಕ್ಕೆ, ಆಗಿನ್ನೂ ನಗು ಬರುತ್ತಿತ್ತು.

ನನಗೆ ಅದು ಬೇಗ ಕೈಗೆ ಹತ್ತಿತು, ಹುಡುಗರಿಗಿಂತ ಬೇಗ, ಹೊಲಿಗೆ ಬಿಚ್ಚುವವಳಿಗೆ ಬೇರೆ ಹೇಳಿಕೊಡಬೇಕೇ, ದಾರ ಎಲ್ಲಿ ಶುರುವಾಗಿದೆ, ಎಲ್ಲಿ ಗಂಟು ಹಾಕಿದ್ದಾರೆ, ಒಳಗೆ ಎಷ್ಟು ಬಟ್ಟೆ ಮಡಿಸಿ ಅಡಗಿಸಿದ್ದಾರೆ ಎಂದು ನೋಡದೆ ಸೊಂಟ ಬಿಡಲಾಗುತ್ತದೆಯೇ. ಬರೆಯುವುದು ಮಾತ್ರ ಕಷ್ಟವಾಯಿತು. ಮೊದಲ ಪ್ರಬಂಧ ವಾಪಸ್ಸು ಬಂದಾಗ ಹಾಳೆ ತುಂಬ ಕೆಂಪು ಸುತ್ತುಗಳು, ಒಂದೇ ಪದಕ್ಕೆ ಐದು ಕಡೆ, ಮೇಷ್ಟ್ರು ನನ್ನ ಬೆಂಚಿನ ಬಳಿ ಬಂದು ಬಗ್ಗಿ, ಸಂಬಂಧ ಬರೆಯೋವಾಗ ಹೊಟ್ಟೆ ಸೀಳಬೇಕಾದ್ದು ಕೊನೇ ಅಕ್ಷರಕ್ಕಮ್ಮ, ನೀವು ನಡುವಿನದ್ದಕ್ಕೆ ಸೀಳಿದ್ದೀರಿ, ಸಂಭಂದ, ಸಂಭಂದ, ಐದು ಸಲವೂ ಹಾಗೇ ಬರೆದಿದ್ದೀರಿ ಅಂದ್ರೆ ಇದು ಕೈತಪ್ಪಲ್ಲ, ಹೀಗೆ ಕಲಿಸಿದ್ದು ಯಾರು, ಅಂದರು. ಯಾರು. ನೆನಪಿಲ್ಲ ಸಾರ್, ಅಂದೆ, ಆದರೆ ಮನೆಗೆ ನಡೆಯುವಾಗ ನೆನಪಾಯಿತು, ಕಾಲೇಜಿಗೆ ಕೊಡುವ ಅರ್ಜಿಯನ್ನು ಭಾವ ತಮ್ಮ ಕೈಯಿಂದ ಬರೆದುಕೊಟ್ಟಿದ್ದರು, ಅವರು ಕಚೇರಿ ಗುಮಾಸ್ತರು, ಕಾಗದ ಪತ್ರದ ವಿಷಯದಲ್ಲಿ ನಮ್ಮ ಮನೆಗೆ ಅವರೇ ದಿಕ್ಕು, ನೋಡ್ಕೊಂಡು ನಿನ್ನ ಅಕ್ಷರದಲ್ಲಿ ನಕಲು ಮಾಡು, ಅಂದಿದ್ದರು, ಮಾಡಿದ್ದೆ, ಗೃಹಕೃತ್ಯಗಳ ಸಂಭಂದ ವಿದ್ಯಾಭ್ಯಾಸವನ್ನು ಮೊಟಕುಗೊಳಿಸಬೇಕಾಗಿ ಬಂದಿರುತ್ತದೆ. ಆ ಪದವನ್ನು ಅದಕ್ಕೂ ಮೊದಲು ನಾನು ಎಂದಾದರೂ ಬರೆದಿದ್ದೆನೋ ಇಲ್ಲವೋ. ಬರೆಯುವ ಪ್ರಸಂಗವೇ ಬಂದಿರಲಿಲ್ಲ. ನೋಡು ಎಷ್ಟು ಸಿಹಿ ಇದೆ, ಅನ್ನುತ್ತಾರೆ ಭಾವ ಈಗ, ಎರಡನೆಯ ತೊಳೆ ಇಟ್ಟರು, ಇವರು ಎತ್ತಿ ಬಾಯಿಗೆ ಹಾಕಿಕೊಂಡರು, ಬೀಜವನ್ನು ನಾಲಗೆಯ ತುದಿಯಿಂದ ತಟ್ಟೆಗೆ ಬಿಟ್ಟರು, ನನ್ನ ಕಡೆ ನೋಡಲಿಲ್ಲ, ಗುರುವಾರದಿಂದ ನನ್ನ ಕಡೆ ಸರಿಯಾಗಿ ನೋಡಿಲ್ಲ.

ಮನೆಯಲ್ಲಿರೋ ಯಾವುದಾದ್ರೂ ಒಂದು ಹಾಳೆ ತನ್ನಿ, ಅಂದಿದ್ದರು ಮೇಷ್ಟ್ರು, ಕಥೆ ಕವನ ಬೇಡ, ನೋಟೀಸು, ಪತ್ರ, ವರದಿ, ಏನಾದರೂ ಸರಿ, ಮೂರು ಸಲ ಓದಿ, ಮೊದಲನೇ ಸಲ ಏನು ಹೇಳುತ್ತೆ, ಎರಡನೇ ಸಲ ಹೇಗೆ ಹೇಳುತ್ತೆ, ಮೂರನೇ ಸಲ ಏನನ್ನ ಹೇಳದೇ ಬಿಡುತ್ತೆ, ನಾಲ್ಕು ಪುಟ ಬರೀರಿ. ಬೀರುವಿನ ಕೆಳಗಿನ ಖಾನೆಯಲ್ಲಿ ಪ್ಲಾಸ್ಟಿಕ್ ಕವರಿನಲ್ಲಿದ್ದದ್ದು ಅದೊಂದೇ, ಇವರ ಕೈ ಹೋದ ದಿನದ ವರದಿ, ಬಟ್ಟೆ ಒಗೆಯುವ ಕಾರ್ಖಾನೆಯದು, ಆಸ್ಪತ್ರೆಗಳ ಹೋಟೆಲುಗಳ ಹಾಸುಬಟ್ಟೆ ಅಲ್ಲಿಗೆ ಬರುತ್ತದೆ, ಇವರ ಕೆಲಸ ಇಸ್ತ್ರಿ ಮಷಿನ್ನಿನದು, ಕಾದ ಎರಡು ಉರುಳೆಗಳ ನಡುವೆ ಒದ್ದೆ ಹಾಸನ್ನು ತೂರಿಸುವುದು, ಭಾವ ಅದೇ ಕಾರ್ಖಾನೆಯ ಕಚೇರಿಯಲ್ಲಿ, ಇವರಿಗೆ ಅಲ್ಲಿ ಕೆಲಸ ಕೊಡಿಸಿದ್ದೂ ಅವರೇ. ಟೈಪು ಮಾಡಿದ ಅರ್ಧ ಪುಟ, ಕೆಳಗೆ ಮ್ಯಾನೇಜರ ಸಹಿ. ಮೊದಲನೆಯ ಸಲ ಓದಿದೆ, ಒಂಬತ್ತು ವರ್ಷದಿಂದ ಗೊತ್ತಿದ್ದದ್ದನ್ನೇ ಹೇಳಿತು, ಬೆಳಗಿನ ಪಾಳಿಯಲ್ಲಿ ಸದರಿ ಕೆಲಸಗಾರನ ಅಜಾಗರೂಕತೆಯಿಂದ ಆತನ ಬಲಗೈ ಉರುಳೆಗಳ ನಡುವೆ ಸಿಲುಕಿರುತ್ತದೆ, ಕೂಡಲೇ ಯಂತ್ರವನ್ನು ನಿಲ್ಲಿಸಲಾಗಿ ಗಾಯಾಳುವನ್ನು ಆಸ್ಪತ್ರೆಗೆ ಸಾಗಿಸಲಾಗಿದೆ, ತಡೆಪಟ್ಟಿಯನ್ನು ಮರುಜೋಡಿಸಿ ಅದೇ ದಿನ ಸಂಜೆ ಯಂತ್ರವನ್ನು ಚಾಲನೆಗೆ ತರಲಾಗಿದೆ. ಎರಡನೆಯ ಸಲ ಪೆನ್ಸಿಲು ಹಿಡಿದು ಓದಿದೆ, ಕರ್ತೃ ಎಲ್ಲಿ ಕರ್ತೃ ಎಲ್ಲಿ ಎಂದು, ನಿಲ್ಲಿಸಿದವರು ಇಲ್ಲ, ಸಾಗಿಸಿದವರು ಇಲ್ಲ, ಜೋಡಿಸಿದವರು ಇಲ್ಲ, ಇಡೀ ಅರ್ಧ ಪುಟದಲ್ಲಿ ಹೆಸರು ಹಿಡಿದು ಅಂಟಿಸಿದ್ದು ಒಂದೇ ಒಂದು, ಅಜಾಗರೂಕತೆ, ಅದು ಮಾತ್ರ ಸದರಿ ಕೆಲಸಗಾರನದು. ಮೂರನೆಯ ಸಲ ಪೆನ್ಸಿಲು ಮರುಜೋಡಿಸಿ ಎಂಬಲ್ಲಿ ನಿಂತಿತು. ಮರು. ತಡೆಪಟ್ಟಿ ಅಂದರೆ ಉರುಳೆಯ ಬಾಯಿಗೆ ಅಡ್ಡ ಇರುವ ಕಬ್ಬಿಣದ ಪಟ್ಟಿ, ಬೆರಳು ತಾಗಿದರೆ ಸಾಕು ಮಷಿನ್ ತಾನೇ ನಿಲ್ಲುತ್ತದೆ, ಇವರೇ ಹಿಂದೆ ಹೇಳಿದ್ದರು, ಅದನ್ನು ಮತ್ತೆ ಜೋಡಿಸಿದರು ಅಂದರೆ ಬೆಳಿಗ್ಗೆ ಅದು ಅಲ್ಲಿರಲಿಲ್ಲ. ಎರಡಕ್ಷರ, ಮ, ರು, ಬರೆದವನ ಕೈ ಜಾರಿ ನಿಜ ಹೇಳಿಬಿಟ್ಟಿತ್ತು. ಮತ್ತೆ ಕೊನೆಯ ಸಾಲು, ಈ ಸಂಭಂದ ಬೇರೆ ಯಾರ ಲೋಪವೂ ಕಂಡುಬಂದಿರುವುದಿಲ್ಲ. ಹೊಟ್ಟೆ ಸೀಳಿದ್ದು ನಡುವಿನ ಅಕ್ಷರಕ್ಕೆ. ಎದ್ದು ಹೋಗಿ ಭಾವ ಬರೆದುಕೊಟ್ಟ ಅರ್ಜಿಯನ್ನು ತಂದು ಪಕ್ಕದಲ್ಲಿಟ್ಟೆ, ಸದರಿ ಅಭ್ಯರ್ಥಿಯು, ಸದರಿ ಕೆಲಸಗಾರನು, ಬಂದಿರುತ್ತದೆ, ಸಿಲುಕಿರುತ್ತದೆ, ಸಂಭಂದ, ಸಂಭಂದ — ಮೇಲಿನವರು ಬರೆದು ಕಳಿಸಿದ್ದು ಕಣಮ್ಮ, ನಾನು ನೋಡೂ ಇಲ್ಲ, ಅಂತ ಆಸ್ಪತ್ರೆಯ ವರಾಂಡದಲ್ಲಿ ಆ ಕಾಗದವನ್ನು ನನ್ನ ಕೈಗಿಟ್ಟು ಹೇಳಿದ್ದರು, ಕಣ್ಣೀರು ಹಾಕಿದ್ದರು, ನಿಜವಾದ ಕಣ್ಣೀರು, ಅದನ್ನೂ ಈಗ ಮೂರು ಸಲ ಓದಬೇಕು.

ಇವರಿಗೆ ಏನೂ ನೆನಪಿಲ್ಲ. ಕಾದ ಬಟ್ಟೆಯ ವಾಸನೆ, ಆಮೇಲೆ ಆಸ್ಪತ್ರೆಯ ಸೂರು, ನಡುವಿನದ್ದೆಲ್ಲ ವರದಿ ತುಂಬಿಕೊಟ್ಟದ್ದು, ಹಾಸಿಗೆಯ ಪಕ್ಕ ಕೂತು ಭಾವನೇ ಓದಿ ಹೇಳಿದ್ದು, ನಾನು ಏನು ಮಾಡ್ತಿದ್ದೆ ಅಣ್ಣ, ಅಂತ ಇವರು ಕೇಳಿದ್ದು, ನೀನು ಏನೋ ಯೋಚನೆಯಲ್ಲಿದ್ದೆ ಅನ್ಸುತ್ತೆ ಕಣಪ್ಪ, ಅಂತ ಭಾವ, ಇವರು, ಹೌದು, ಬೆಳಿಗ್ಗೆ ಮನೇಲಿ ಸ್ವಲ್ಪ ಮಾತಾಗಿತ್ತು, ಅಂದದ್ದು, ನಾನು ಬಾಗಿಲಲ್ಲಿ ಫ್ಲಾಸ್ಕು ಹಿಡಿದು ನಿಂತಿದ್ದೆ. ಮಾತಾಗಿತ್ತು. ಯಾರು ಆಡಿದ ಮಾತು, ಕರ್ತೃ ಎಲ್ಲಿ, ಇವರಿಗೂ ಬರುತ್ತಿತ್ತು ನೋಡಿ ಈ ವಿದ್ಯೆ, ನನ್ನನ್ನು ಉಳಿಸಲೆಂದು ನನ್ನನ್ನು ವಾಕ್ಯದಿಂದ ತೆಗೆದರು. ಆಡಿದವಳು ನಾನು. ಅಡುಗೆಮನೆಯ ನಲ್ಲಿ ಎರಡು ವಾರದಿಂದ ತೊಟ್ಟಿಕ್ಕುತ್ತಿತ್ತು, ಒಂದು ನಲ್ಲಿ ಸರಿಮಾಡೋಕಾಗಲ್ಲ, ಎರಡು ಕೈ ಯಾಕಿವೆ ನಿಮಗೆ, ಅಂದಿದ್ದೆ, ಬೀದಿಗೆ ಕೇಳುವ ಹಾಗೆ, ಇವರು ಚಪ್ಪಲಿ ಮೆಟ್ಟಿಕೊಂಡು ಹೊರಟರು, ಮೂರು ತಾಸು ಕಳೆದ ಮೇಲೆ ಫೋನು ಬಂತು. ಅಂದಿನಿಂದ ನಾನು ದನಿ ಎತ್ತಿಲ್ಲ. ಹಾಲು ಉಕ್ಕಿದರೆ ಒರೆಸುತ್ತೇನೆ, ಇವರು ಬಾಗಿಲು ಹಾಕಲು ಮರೆತರೆ ಎದ್ದು ಹಾಕುತ್ತೇನೆ, ಎಷ್ಟು ಒಳ್ಳೆಯ ಹೆಂಡತಿ, ಅಂತ ಎದುರುಮನೆಯವರು, ತಂಗಿ ತುಂಬ ಬದಲಾದಳು, ಅಂತ ಅಕ್ಕ ಹೆಮ್ಮೆಯಿಂದ, ಒಂಬತ್ತು ವರ್ಷ ನನ್ನ ನಾಲಗೆಯೇ ಆ ಮಷಿನ್ನಿನ ಉರುಳೆ ಅಂದುಕೊಂಡು ಬಾಯಿ ಮುಚ್ಚಿಕೊಂಡು ಬದುಕಿದ್ದೇನೆ, ಪಟ್ಟಿ ಇರಲಿಲ್ಲವಂತೆ, ಒಂದು ಕಬ್ಬಿಣದ ಪಟ್ಟಿ ಇರಲಿಲ್ಲ, ಅಷ್ಟೆ. ಗುರುವಾರ ರಾತ್ರಿ ಇವರನ್ನು ಕೂರಿಸಿ, ವರದಿಯನ್ನೂ ಅರ್ಜಿಯನ್ನೂ ಪಕ್ಕಪಕ್ಕ ಇಟ್ಟು, ಮೇಷ್ಟ್ರು ನಮಗೆ ತೋರಿಸುವ ಹಾಗೆಯೇ ಪೆನ್ಸಿಲಿನಲ್ಲಿ ತೋರಿಸಿದೆ. ಅಂದ್ರೆ ಆವತ್ತು ನಾನು ಸರಿಯಾಗೇ ಕೆಲಸ ಮಾಡ್ತಿದ್ದೆನಾ, ಅಂದರು. ಹೂಂ ರೀ. ಸರಿಯಾಗೇ ಮಾಡ್ತಿದ್ದೆನಾ, ಅಂದರು ಮತ್ತೆ. ಎದ್ದು ಹೋಗಿ ಗೋಡೆಯ ಕಡೆ ತಿರುಗಿ ಮಲಗಿದರು, ನಾನು ಅಳು ಬರುತ್ತದೆ ಅಂದುಕೊಂಡೆ, ಸಿಟ್ಟು ಬರುತ್ತದೆ ಅಂದುಕೊಂಡೆ, ಎಷ್ಟೋ ಹೊತ್ತಿನ ಮೇಲೆ ಗೋಡೆಗೇ ಹೇಳಿದರು, ಭಾನುವಾರ ಏನೂ ಎತ್ತಬೇಡ, ಅವರನ್ನು ಬಿಟ್ಟರೆ ನಮ್ಮನೆಗೆ ಯಾರು ಬರ್ತಾರೆ ಹೇಳು.

ಆದರೆ ಪ್ರಬಂಧ ಅದಾಗಲೇ ಕೊಟ್ಟಾಗಿತ್ತು. ಶುಕ್ರವಾರ ವಾಪಸ್ಸು ಬಂತು, ಕೊನೆಯ ಹಾಳೆಯ ತಳದಲ್ಲಿ ಕೆಂಪಕ್ಷರ, ಓದು ನಿಖರ, ಮರು ಎಂಬುದರ ಬಗೆಗಿನ ಭಾಗ ಅತ್ಯುತ್ತಮ, ಕೊನೆಯ ಪುಟದಲ್ಲಿ ಭಾವ ಜಾಸ್ತಿಯಾಯಿತು, ಕಡಿಮೆ ಮಾಡಿ ಮತ್ತೆ ಬರೆದು ಕೊಡಿ. ಭಾವ ಜಾಸ್ತಿಯಾಯಿತು. ನಗು ತಡೆಯಲಾಗಲಿಲ್ಲ, ಡೆಸ್ಕಿಗೆ ಹಣೆ ಹಚ್ಚಿ ನಕ್ಕೆ, ಪಕ್ಕದವಳು ನೀರಿನ ಬಾಟಲಿ ಕೊಟ್ಟಳು, ಹೌದು ಸಾರ್, ಜಾಸ್ತಿಯೇ ಆಯಿತು, ಹೇಗೆ ಕಡಿಮೆ ಮಾಡಲಿ, ಪ್ರತಿ ಭಾನುವಾರ ಬಂದು ಕೂರುತ್ತಾರೆ. ತರಗತಿ ಮುಗಿದ ಮೇಲೆ ಮೇಷ್ಟ್ರು ಕರೆದು ಬಿಡಿಸಿ ಹೇಳಿದರು, ತೋಳಿನ ಮೇಲೆ ಸೀಮೆಸುಣ್ಣ, ಕಣ್ಣಿನಲ್ಲಿ ಕಾಳಜಿಯೇ ಇತ್ತು, ಅದನ್ನು ನಾನೂ ಒಪ್ಪುತ್ತೇನೆ, ವಿಶ್ಲೇಷಣೆ ಅಂದ್ಮೇಲೆ ಸ್ವಲ್ಪ ದೂರ ನಿಂತು ಬರೀಬೇಕಮ್ಮ, ಕೊನೆಯಲ್ಲಿ ನಾನು ನಾನು ಅಂತ ಎಷ್ಟು ಸಲ ಬಂದಿದೆ ನೋಡಿ, ನನಗೆ ಮೋಸವಾಗಿದೆ ಅನ್ನೋ ಬದಲು ಮೋಸವಾಗಿದೆ ಎಂದು ವಾದಿಸಬಹುದು ಅಂತ ಹಾಕಿ. ಯಾರು ವಾದಿಸಬಹುದು ಸಾರ್, ಅಂದೆ. ಅವರು ನನ್ನ ಮುಖ ನೋಡಿದರು. ಡಸ್ಟರನ್ನು ಎತ್ತಿ ಈಗಾಗಲೇ ಒರೆಸಿದ್ದ ಬೋರ್ಡನ್ನು ಮತ್ತೊಮ್ಮೆ ಒರೆಸಿದರು. ಅದು ಬರವಣಿಗೆಯ ಒಂದು ಕ್ರಮ, ಅಂದರು. ಕ್ರಮವಂತೆ, ಕಾರ್ಖಾನೆಯಲ್ಲೂ ಕ್ರಮ, ಕಾಲೇಜಿನಲ್ಲೂ ಕ್ರಮ, ಒಂದು ಸೆಮಿಸ್ಟರು ಪೂರ್ತಿ ಕಳ್ಳನನ್ನು ಹಿಡಿಯಲು ಕಲಿಸಿ ಕೊನೆಗೆ ಅವನ ಅಂಗಿಯನ್ನೇ ನನಗೆ ತೊಡಿಸಲು ಬಂದರು, ನಿನ್ನೆ ಕೂತು ಮತ್ತೆ ಬರೆಯಲು ನೋಡಿದೆ, ಭಾವಿಸಲಾಗಿದೆ, ಅನುಭವಿಸಲಾಗಿದೆ, ಒಂಬತ್ತು ವರ್ಷ ಸುಮ್ಮನಿರಲಾಗಿದೆ, ಹರಿದು ಹಾಕಿದೆ.

ಎಲ್ಲಿ ನಿನ್ನ ಪ್ರಬಂಧ, ಮಾರ್ಕ್ಸ್ ಬಂದಿರ್ಬೇಕಲ್ಲ, ಅನ್ನುತ್ತಿದ್ದಾರೆ ಭಾವ, ಎರಡನೆಯ ಹಣ್ಣನ್ನು ಅರ್ಧ ಸುಲಿದು ಕೈಯಲ್ಲಿ ಹಿಡಿದು, ನಾನು ಬರೆದುಕೊಟ್ಟ ಅರ್ಜಿಯಿಂದ ಸೀಟು ಸಿಕ್ಕಿದ್ದು, ನನಗೂ ತೋರಿಸಬೇಕಪ್ಪ, ಅಂತ. ನಾನು ಇವರನ್ನು ನೋಡಿದೆ, ಇವರು ತಟ್ಟೆಯನ್ನು ನೋಡುತ್ತಿದ್ದಾರೆ, ಏನಿಲ್ಲ ಭಾವ, ಸುಮಾರಾಗಿ ಬಂತು, ಅನ್ನುವಷ್ಟರಲ್ಲಿ ಅಕ್ಕ ಕುರ್ಚಿಯ ಬೆನ್ನಿಗಿದ್ದ ಚೀಲಕ್ಕೆ ಕೈ ಹಾಕಿ, ಅಯ್ಯೋ ಇಲ್ಲೇ ಇದೆಯಲ್ಲ, ನಾಚಿಕೆ ಏನೇ, ಹಾಳೆಗಳನ್ನು ಎಳೆದು ಭಾವನ ಮುಂದೆ ಹಿಡಿದಳು, ತಡೆಯಬಹುದಿತ್ತು, ಕೈ ಚಾಚಿದರೆ ಸಿಗುತ್ತಿತ್ತು, ಚಾಚಲಿಲ್ಲ, ಚಾಚದೇ ಇದ್ದವಳು ನಾನು, ಅದನ್ನು ನನ್ನ ಹೆಸರಿಗೇ ಬರೆದುಕೊಳ್ಳಿ. ಭಾವ ಬೆರಳನ್ನು ಟವೆಲ್ಲಿಗೆ ಒರೆಸಿಕೊಂಡರು, ಕನ್ನಡಕ ಏರಿಸಿದರು, ಓದುತ್ತಾರೆ, ಮೊದಲ ಪುಟಕ್ಕೆ ನಗು ಇತ್ತು, ಎರಡನೆಯದರ ನಡುವೆ ನಗು ಹಾಗೆಯೇ ಇದ್ದು ಕಣ್ಣು ನಿಂತಿತು, ಮೂರನೆಯದನ್ನು ತಿರುಗಿಸಲು ಹೆಬ್ಬೆರಳು ಎರಡು ಸಲ ಜಾರಿತು, ಕಿತ್ತಳೆಯ ಅಂಟಿರಬೇಕು, ಅಕ್ಕ ಏನ್ರೀ ಏನ್ರೀ ಅನ್ನುತ್ತಿದ್ದಾಳೆ, ನಾಲ್ಕನೆಯದನ್ನು ಓದಿ, ಕೆಂಪಕ್ಷರವನ್ನೂ ಓದಿ, ಹಾಳೆಗಳನ್ನು ಮಡಿಸಿ, ಅಂಚಿಗೆ ಅಂಚು ಸರಿಯಾಗಿ ಕೂಡಿಸಿ ಮೇಜಿನ ಮೇಲಿಟ್ಟರು, ಗುಮಾಸ್ತರ ಕೈ ಅಲ್ಲವೇ. ಪಟ್ಟಿ ಬಿಚ್ಚಿಟ್ಟಿದ್ದು ಅದರ ಹಿಂದಿನ ರಾತ್ರಿ, ಅಂದರು, ನಮ್ಮ ಯಾರಿಗೂ ಅಲ್ಲ, ಹಾಳೆಗಳಿಗೆ, ಸುಮ್ಮಸುಮ್ಮನೆ ಮಷಿನ್ ನಿಲ್ತಿತ್ತು, ಲೋಡು ತಡವಾಗ್ತಿತ್ತು, ಬಿಚ್ಚಬೇಕಾಯ್ತು, ಆಮೇಲೆ ಹಾಗೆ ಬರೀಬೇಕಾಯ್ತು, ಇಲ್ದಿದ್ರೆ ಇವನಿಗೆ ಈಗಿರೋ ಗೇಟು ಕಾಯೋ ಕೆಲಸಾನೂ ಸಿಕ್ತಿರ್ಲಿಲ್ಲ. ಯಾರು ಬರೀಬೇಕಾಯ್ತು ಭಾವ — ಇದು ನನ್ನ ದನಿ, ಗೋಡೆಗೆ ಬಡಿದು ಬಂತು, ಎದುರುಮನೆಯ ಕಿಟಕಿ ತೆರೆದ ಸದ್ದು ಕೇಳಿತು — ಯಾರು, ಯಾರು ಬರೆದಿದ್ದು, ಹೇಳಿ. ಮೆಲ್ಲಗೇ, ಮೆಲ್ಲಗೇ, ಅಂತ ಅಕ್ಕ, ಅವಳ ಮುಖ ಬಿಳುಚಿಕೊಂಡಿತ್ತೇ ಹೊರತು ಅದರಲ್ಲಿ ಆಶ್ಚರ್ಯವಿರಲಿಲ್ಲ, ಅವಳಿಗೂ ಗೊತ್ತಿತ್ತು, ಹಾಗಾದರೆ ಪ್ರತಿ ಭಾನುವಾರ ಈ ಕಿತ್ತಳೆಯ ಬುಟ್ಟಿಯನ್ನು ಹೊತ್ತು ತರುತ್ತಿದ್ದವಳಿಗೂ ಗೊತ್ತಿತ್ತು, ಭಾವ ಎದ್ದರು, ಬರ್ತೀವಿ, ಅಂದರು, ಕುರ್ಚಿ ಹಿಂದಕ್ಕೆ ಜರುಗಿತು, ಅರ್ಧ ಸುಲಿದ ಹಣ್ಣು ಮೇಜಿನ ಮೇಲೆ ಸಿಪ್ಪೆಯ ಬಾಲ ಬಿಟ್ಟುಕೊಂಡು ಬಿದ್ದಿತ್ತು.

ಆಗ ಇವರ ಎಡಗೈ ಬಂತು. ಹಣ್ಣನ್ನು ಹಿಡಿದು ಮೇಜಿನ ಮೇಲೆ ಉರುಳಿಸದೆ, ಜಾರಿಸಿಕೊಂಡು, ಭಾವ ಕೂತಿದ್ದ ಜಾಗದ ಎದುರಿಗೆ ತಂದು ಇಟ್ಟಿತು. ಸುಲಿ, ಅಂದರು. ಅಣ್ಣ ಇಲ್ಲ, ಕೊಡ್ತೀರಾ ಇಲ್ಲ, ಒಂಬತ್ತು ವರ್ಷದಲ್ಲಿ ಭಾವನಿಗೆ ಏಕವಚನ ಹಚ್ಚದ ಬಾಯಿ. ದನಿ ಅದೇ, ಸಣ್ಣದು. ಭಾವ ನಿಂತೇ ಇದ್ದರು, ಅಕ್ಕ ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದಳು, ಸುಲಿ, ಅಂದರು ಇವರು ಇನ್ನೊಮ್ಮೆ, ಭಾವ ಕೂತರು. ಈಗ ಸಿಪ್ಪೆ ಒಂದೇ ಸುರುಳಿಯಾಗಿ ಬರುತ್ತಿಲ್ಲ, ಚೂರು ಚೂರಾಗಿ ಬೀಳುತ್ತಿದೆ, ಉಗುರು ತೊಳೆಯೊಳಗೇ ಹೊಕ್ಕು ರಸ ಮಣಿಕಟ್ಟಿನವರೆಗೂ ಹರಿಯುತ್ತಿದೆ, ಆ ಮಣಿಕಟ್ಟು, ಆ ಐದು ಬೆರಳು, ಒಂದು ತೊಳೆ ಇಟ್ಟರು, ಇವರು ಮುಟ್ಟಲಿಲ್ಲ, ಇನ್ನೊಂದು ಇಟ್ಟರು, ಮುಟ್ಟಲಿಲ್ಲ, ಹಣ್ಣು ಮುಗಿಯಿತು, ಇವರ ಎಡಗೈ ಬುಟ್ಟಿಗೆ ಹೋಗಿ ಮತ್ತೊಂದನ್ನು ತಂದಿತು, ಸುಲಿ, ಯಾರೂ ತಿನ್ನುತ್ತಿಲ್ಲ, ತಟ್ಟೆಯ ಅಂಚು ತುಂಬಿ ಸಾಲು ಮೇಜಿನ ಮೇಲೆ ಇಳಿದಿದೆ, ಒಂದರ ಪಕ್ಕ ಒಂದು, ಒದ್ದೆಯಾಗಿ, ಬೆನ್ನು ಬಾಗಿಸಿಕೊಂಡು, ಇನ್ನೊಂದು, ಇನ್ನೊಂದು